ಬೆಳಗದ ಬಿಲ್ಲೆ

ಗಾಡಿಯ ಗಾಲಿಯ ಸದ್ದಿಲ್ಲದ ದಿನವನ್ನು ನಾನು ಚಿಕ್ಕಂದಿನಲ್ಲಿ ಕಂಡವಳಲ್ಲ. ನಮ್ಮೂರಲ್ಲಿ ಯಾರಾದರೂ ಒಬ್ಬರು ಸದಾ ಮನೆ ಬಿಡುತ್ತಿರುತ್ತಾರೆ, ಇನ್ಯಾರೋ ಮನೆ ಹೊಗುತ್ತಿರುತ್ತಾರೆ. ಪ್ರತಿ ಮನೆಯ ಒಳಗೋಡೆಯಲ್ಲಿ ಒಂದು ಗೂಡಿದೆ. ಗೂಡಿಗೆ ತಗಡಿನ ಮುಚ್ಚಳ, ಮುಚ್ಚಳಕ್ಕೆ ಒಂದು ಕಣ್ಣಿಡುವಷ್ಟು ತೂತು. ಒಳಗಿನ ಕತ್ತಲಲ್ಲಿ ಅಂಗೈಯಗಲದ ಒಂದು ಬಿಲ್ಲೆ ಇರುತ್ತದೆ. ಬೆಳಿಗ್ಗೆ ಎದ್ದವರು ಮುಖ ತೊಳೆಯುವ ಮೊದಲು ಆ ತೂತಿಗೆ ಕಣ್ಣಿಡುತ್ತಾರೆ. ಏನೂ ಕಾಣದಿದ್ದರೆ ಒಲೆ ಹಚ್ಚುತ್ತಾರೆ. ಬಿಲ್ಲೆ ನೀಲಿಯಾಗಿ ಬೆಳಗುತ್ತಿದ್ದರೆ ಬಾಗಿಲಿಗೆ ಬಂದು "ನಮ್ಮನೆ ಬೆಳಗಿದೆ" ಎಂದು ಬೀದಿಗೆ ಕೇಳುವ ಹಾಗೆ ಕೂಗುತ್ತಾರೆ, ಗಾಡಿ ತುಂಬುತ್ತಾರೆ, ಹೊತ್ತು ಮುಳುಗುವುದರೊಳಗೆ ಖಾಲಿಯಿರುವ ಇನ್ನೊಂದು ಮನೆ ಸೇರುತ್ತಾರೆ. ಕಣ್ಣಿಗೆ ಕಾಣದ್ದು ಯಾವುದೋ ಆ ಮನೆಯನ್ನು ಹಾದು ಹೋಗುತ್ತಿದೆ ಎಂದು ಅದರ ಅರ್ಥ. ಅದೇನು ಎಂದು ಕೇಳಿದರೆ ಹಿರಿಯರು "ಹಾಯೋದು" ಅನ್ನುತ್ತಿದ್ದರು. ನಾವೂ ಹಾಗೇ ಅಂದುಕೊಂಡು ಬೆಳೆದೆವು. ಅದು ಹಾಯುವಾಗ ಒಳಗೇ ಇದ್ದವರಿಗೆ ಏನಾಗುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ, ಯಾಕೆಂದರೆ ಯಾರೂ ಇದ್ದಿರಲಿಲ್ಲ. ಬೆಕ್ಕುಗಳು ಮನೆ ಬಿಟ್ಟು ಹೋಗುವುದಿಲ್ಲ, ನಿಜ. ಅವುಗಳಿಂದ ಯಾರೂ ಏನನ್ನೂ ತೀರ್ಮಾನಿಸಿರಲಿಲ್ಲ.

ಇದಕ್ಕೆ ಒಗ್ಗಿಕೊಂಡೇ ನಾವು ಬದುಕುತ್ತಿದ್ದೆವು. ಗಾಡಿಯಲ್ಲಿ ಹಿಡಿಯದ ಸಾಮಾನನ್ನು ಯಾರೂ ಕೊಳ್ಳುತ್ತಿರಲಿಲ್ಲ. ಉಪ್ಪಿನಕಾಯಿಯನ್ನು ಸಣ್ಣ ಸಣ್ಣ ಭರಣಿಯಲ್ಲೇ ಹಾಕುತ್ತಿದ್ದೆವು. ರುಬ್ಬುವ ಕಲ್ಲು, ಮಂಚ, ಹಂಡೆ ಇವೆಲ್ಲ ಮನೆಗೆ ಸೇರಿದ್ದು, ಜನಕ್ಕಲ್ಲ. ಮನೆ ಬಿಡುವವರು ಮುಂದೆ ಬರುವವರಿಗೆಂದು ಒಂದು ಹಿಡಿ ಉಪ್ಪು, ಒಂದು ಬೆಂಕಿಪೆಟ್ಟಿಗೆ ಇಟ್ಟು ಹೋಗಬೇಕು. ನೆಂಟರು ಬಂದರೆ ನೇರವಾಗಿ ಊರಿಗೆಲ್ಲ ಒಂದೇ ಆದ ಸ್ನಾನದ ಮನೆಗೆ ಹೋಗಿ, ಇಂಥವರು ಈಗ ಯಾವ ಮನೆಯಲ್ಲಿದ್ದಾರೆ ಎಂದು ಕೇಳುತ್ತಿದ್ದರು.

ನನ್ನ ಕೆಲಸ ಬಿಲ್ಲೆ ಮಾಡುವುದು. ಊರ ಮೇಲಿನ ಬಂಡೆಗೆ ಒರಗಿಕೊಂಡು ಕುಲುಮೆಮನೆಯಿದೆ. ಅಲ್ಲಿಗೆ ಹೊರಗಿನಿಂದ ಲಾರಿಯಲ್ಲಿ ಟರ್ಫಿನೈಲ್ ಬರುತ್ತದೆ, ಚೀಲಗಳಲ್ಲಿ, ಮಾಸಲು ಹಳದಿ ಪುಡಿಯಾಗಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕುಲುಮೆಮನೆಯ ಯಜಮಾನರಾದ ನಾಗಲಿಂಗಪ್ಪನವರು ಬಳೆಗಳನ್ನು ನೆಲದ ಮೇಲಿಟ್ಟು ನನಗೆ ಅದರ ಗುಟ್ಟು ಹೇಳಿಕೊಟ್ಟಿದ್ದರು. ಟರ್ಫಿನೈಲ್ ಅಂದರೆ ಆರು ಮೂಲೆಯ ಮೂರು ಬಳೆಗಳ ಸರ. ನಡುವಿನ ಬಳೆಯ ಎದುರುಬದುರು ಮೂಲೆಗಳಿಗೆ ಉಳಿದೆರಡು ಅಂಟಿಕೊಂಡರೆ ಸರ ಕೋಲಿನಂತೆ ನೆಟ್ಟಗಿರುತ್ತದೆ. ಅದು ಪ್ಯಾರಾ. ನಡುವೆ ಒಂದು ಮೂಲೆ ಬಿಟ್ಟು ಅಂಟಿಕೊಂಡರೆ ಬಾಗುತ್ತದೆ, ಅದು ಮೆಟಾ. ಪಕ್ಕಪಕ್ಕದ ಮೂಲೆಗಳಿಗೇ ಅಂಟಿಕೊಂಡರೆ ಎರಡು ಬಳೆಗಳೂ ಒಂದನ್ನೊಂದು ಒತ್ತಿಕೊಂಡು ಸರ ಮುದುರುತ್ತದೆ, ಅದು ಆರ್ಥೋ. ಅದೇ ಇಂಗಾಲ, ಅದೇ ಜಲಜನಕ, ತೂಕವೂ ಒಂದೇ. ಅಂಟಿದ ಜಾಗ ಬೇರೆಯಾದದ್ದಕ್ಕೆ ಮೂರರ ಸ್ವಭಾವವೂ ಬೇರೆ. ಆರ್ಥೋ ಬಿಸಿನೀರಿಗೇ ಕರಗುತ್ತದೆ. ಮೆಟಾಕ್ಕೆ ಇನ್ನೂ ಸ್ವಲ್ಪ ಕಾವು ಬೇಕು, ಆದರೂ ನೀರು ಕುದಿಯುವುದರೊಳಗೆ ಅದೂ ನೀರಾಗುತ್ತದೆ. ಪ್ಯಾರಾ ಮಾತ್ರ ಕುದಿಯುವ ನೀರಲ್ಲಿ ಹಾಕಿದರೂ ಅಲುಗುವುದಿಲ್ಲ, ಕುಲುಮೆಯ ಕಾವೇ ಬೇಕು.

ಚೀಲದ ಪುಡಿಯಲ್ಲಿ ಮೂರೂ ಬೆರೆತಿರುತ್ತವೆ. ಕಾಯಿಸಿ ಕರಗಿದ್ದನ್ನು ಬಸಿದುಕೊಂಡರೆ ಪ್ಯಾರಾ ಹಿಂದೆ ಉಳಿಯುತ್ತದೆ, ಅಭ್ರಕದ ಹಾಗೆ ಹೊಳೆಯುವ ಹಾಳೆ ಹಾಳೆಯಾಗಿ. ಬಸಿದದ್ದೂ ಹಾಳಾಗುವುದಿಲ್ಲ. ಎಷ್ಟು ಕಾಯಿಸಿದರೂ ಬೇಗ ಆವಿಯಾಗದ, ಬೇಗ ಕೆಡದ ದ್ರವ ಅದು. ಕುಲುಮೆಯಿಂದ ಸ್ನಾನದ ಮನೆಯವರೆಗೆ ಕೊಳವೆಗಳಲ್ಲಿ ಹರಿದು ಊರಿಗೆಲ್ಲ ನೀರು ಕಾಯಿಸುತ್ತದೆ. ಬಿಲ್ಲೆಯಾಗುವುದು ಪ್ಯಾರಾ ಒಂದೇ. ಅದನ್ನು ಮೊನೆಯಿರುವ ಗಾಜಿನ ಕೊಳವೆಯಲ್ಲಿ ಕರಗಿಸಿ, ಕುಲುಮೆಯಿಂದ ಬಲು ನಿಧಾನವಾಗಿ ಕೆಳಗಿಳಿಸಬೇಕು. ಮೊನೆಯಲ್ಲಿ ಹರಳು ಹುಟ್ಟಿ, ಇಳಿದಷ್ಟೂ ಮೇಲಕ್ಕೆ ಬೆಳೆಯುತ್ತದೆ. ಅವಸರ ಮಾಡಿದರೆ ಸೀಳುತ್ತದೆ. ಆಮೇಲೆ ಅದನ್ನು ಕೊಯ್ದು ಉಜ್ಜಿ ಬಿಲ್ಲೆ ಮಾಡುವುದು. ಓಡಾಟದ ಊರಲ್ಲಿ ಓಡಾಟವೇ ಇಲ್ಲದ ಕೆಲಸ ನನ್ನದು. ಇಡೀ ದಿನ ಅಲುಗಾಡದೆ ಕೂತು ಕೊಳವೆ ಇಳಿಸುತ್ತಿದ್ದೆ, ಕಾಲುಗಳು ಮಾತ್ರ ಹೊರಗೆ ಹೋಗಲು ಚಡಪಡಿಸುತ್ತಿದ್ದವು.

ನನ್ನ ಗಂಡ ಮಲ್ಲಿನಾಥ ಹೊರಗಿನವರು. ನೇಕಾರರು. ಬಟ್ಟೆ ಮಾರಲು ನಮ್ಮೂರಿಗೆ ಬಂದವರು ನನ್ನನ್ನು ಮದುವೆಯಾಗಿ ಇಲ್ಲೇ ಉಳಿದರು. ಅವರಿಗೆ ಗೊತ್ತಿದ್ದದ್ದು ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರಲ್ಲಿ ಕಾಲಿಳಿಬಿಟ್ಟು ಕೂತು ನೇಯುವ ಮಗ್ಗ, ದಿನಕ್ಕೆ ಬೆರಳಗಲ ಸಾಗುವ ಕುಸುರಿ ಕೆಲಸ. ಅದನ್ನು ಗಾಡಿಗೆ ಹಾಕಲಾಗುವುದಿಲ್ಲ. ನಾವು ಹೋದ ಪ್ರತಿ ಮನೆಯಲ್ಲೂ ಅವರು ಕುಣಿ ತೋಡಿದರು, ಮಗ್ಗಕ್ಕೆ ಉದ್ದದ ನೂಲಿನ ಹಾಸು ಏರಿಸಿದರು. ಸೀರೆ ಅರ್ಧಕ್ಕೆ ಬರುವಷ್ಟರಲ್ಲಿ ಬಿಲ್ಲೆ ಬೆಳಗುತ್ತಿತ್ತು. ಹಾಸನ್ನು ಕತ್ತರಿಸಿ ಸುತ್ತಿಕೊಂಡು ಹೊರಡುತ್ತಿದ್ದೆವು. ನಾನು ಉಡುತ್ತಿದ್ದದ್ದು ಆ ತುಂಡುಗಳನ್ನು ಜೋಡಿಸಿ ಹೊಲಿದ ಸೀರೆ. ಊರಿನ ಎಷ್ಟೋ ಮನೆಗಳಲ್ಲಿ ಅವರು ತೋಡಿದ ಕುಣಿಗಳಿವೆ. ಆಮೇಲೆ ಬಂದವರು ಅವುಗಳಲ್ಲಿ ಈರುಳ್ಳಿ, ಆಲೂಗಡ್ಡೆ ತುಂಬಿಡುತ್ತಾರೆ.

ಸ್ನಾನದ ಮನೆಯ ಹಿಂದಿನ ಸಾಲಿನ ಮನೆಗೆ ಬಂದ ಮೇಲೆ ಮಾತ್ರ ನಮಗೆ ಹೊರಡುವ ಹೊತ್ತು ಬರಲೇ ಇಲ್ಲ. ಒಂದು ಬೇಸಿಗೆ ಕಳೆಯಿತು, ಚಳಿ ಕಳೆಯಿತು, ಮತ್ತೆ ಬೇಸಿಗೆ ಬಂತು. ದಿನಾ ಬೆಳಿಗ್ಗೆ ತೂತಿಗೆ ಕಣ್ಣಿಟ್ಟರೆ ಬರೀ ಕತ್ತಲು. ಅವರು ಮಗ್ಗದಲ್ಲಿ ಕೂತು ಏನನ್ನೋ ಗುನುಗುತ್ತಿದ್ದರು. ನನಗೆ ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ. ಒಂದೇ ಕಿಟಕಿಯಲ್ಲಿ ಅದೇ ಬಂಡೆಯನ್ನು ನೋಡಿ ನೋಡಿ, ಯಾರೋ ಹಿಂದೆ ನಿಂತ ಹಾಗಾಗುತ್ತಿತ್ತು. ಸುಮ್ಮಸುಮ್ಮನೆ ಪಾತ್ರೆ ಕಟ್ಟುತ್ತಿದ್ದೆ, ಬಿಚ್ಚುತ್ತಿದ್ದೆ.

"ಏನು ಹುಡುಕ್ತಾ ಇದೀಯ, ವಾರಿಜಾ?" ಅವರು ಕುಣಿಯೊಳಗಿಂದಲೇ ಕೇಳುತ್ತಿದ್ದರು.

"ಏನಿಲ್ಲ ರೀ," ಅನ್ನುತ್ತಿದ್ದೆ.

ಬಿಸಿಲು ಜೋರಾಗಿದ್ದ ಒಂದು ದಿನ ಅವರು ನೂಲಿಗೆ ಹಾಕಲು ದೊಡ್ಡ ಹಂಡೆಯಲ್ಲಿ ಗಂಜಿ ಕಾಯಿಸಿದ್ದರು. ಆ ಮನೆಯಲ್ಲಿ ಗೂಡು ಇದ್ದದ್ದು ಒಲೆಯ ಹಿಂದಿನ ಗೋಡೆಯಲ್ಲಿ. ಮಧ್ಯಾಹ್ನ ಕೆಲಸದಿಂದ ಬಂದು ಗೋಡೆಗೆ ಕೈ ಒರಗಿಸಿದರೆ ಚುರ್ ಅಂದಿತು. ಯಾಕೋ ಗೂಡಿನ ಕಡೆ ನೋಡಿದೆ. ತಗಡಿನ ಮುಚ್ಚಳದ ಕೆಳಗಿಂದ ಎಣ್ಣೆಯಂಥದ್ದೊಂದು ಎಳೆ ಇಳಿದಿತ್ತು. ಮುಚ್ಚಳ ತೆಗೆದೆ. ಬಿಲ್ಲೆಯ ಅಂಚು ಕರಗಿ, ಮೇಣದ ಹಾಗೆ ಜೋತು ಬಿದ್ದಿತ್ತು.

ನನ್ನ ಕೈಯಲ್ಲಿ ಬೆಳೆದ ಬಿಲ್ಲೆ ಒಲೆಯ ಪಕ್ಕದ ಗೋಡೆಗೆ ಕರಗುವಂಥದ್ದಲ್ಲ. ಅದರ ಒಂದು ಚೂರು ಮುರಿದು ಲೋಟದ ಬಿಸಿನೀರಿಗೆ ಹಾಕಿದೆ. ನೋಡುನೋಡುತ್ತಿದ್ದಂತೆ ಅದು ಜಿಡ್ಡಿನ ಹನಿಯಾಗಿ ತಳ ಸೇರಿತು. ಆರ್ಥೋ. ಮುದುರಿದ್ದು. ಊರಿಗೆ ನೀರು ಕಾಯಿಸುತ್ತದೆಯೇ ಹೊರತು ಹಾಯುವುದಕ್ಕೆ ಬೆಳಗುವುದಿಲ್ಲ, ಬೆಳಗಿದರೂ ಕಣ್ಣಿಗೆ ಹತ್ತುವುದಿಲ್ಲ.

ಲೋಟ ಹಿಡಿದು ಮಗ್ಗದ ಹತ್ತಿರ ಹೋದೆ. "ರೀ, ಇದನ್ನ ಯಾವಾಗ ಇಟ್ರಿ?"

ಅವರು ಲೋಟ ನೋಡಿದರು. ಲಾಳಿಯನ್ನು ಈ ಕಡೆಯಿಂದ ಆ ಕಡೆಗೆ ಒಮ್ಮೆ ಓಡಿಸಿ, ಆಮೇಲೆ ನಿಲ್ಲಿಸಿದರು. "ಈ ಹಾಸು ಏರಿಸಿದ ದಿನ."

"ಎಲ್ಲಿ ಸಿಕ್ತು?"

"ಸ್ನಾನದ ಮನೆ ಕೊಳವೆ ರಿಪೇರಿ ಮಾಡುವಾಗ ಹೊರಗೆ ಚೆಲ್ಲಿತ್ತು. ತಂದು ಬಟ್ಟಲಲ್ಲಿ ಹುಯ್ದೆ."

"ನಾನು ಮಾಡಿದ್ದನ್ನ ಏನು ಮಾಡಿದ್ರಿ?"

"ಬಿಸಾಡಿಲ್ಲ. ಅಕ್ಕಿ ಡಬ್ಬದಲ್ಲಿದೆ."

ಅಕ್ಕಿಯ ತಳದಲ್ಲಿ ಕೈಯಾಡಿಸಿದರೆ ನನ್ನ ಬಿಲ್ಲೆ ಸಿಕ್ಕಿತು. ಇಷ್ಟು ದಿನ ಅದರ ಮೇಲಿನ ಅಕ್ಕಿಯನ್ನೇ ಅಳೆದು ಅನ್ನ ಮಾಡಿದ್ದೆ. ಡಬ್ಬದ ಕತ್ತಲಲ್ಲಿ ಅದು ಎಷ್ಟು ಸಲ ಬೆಳಗಿ ಎಷ್ಟು ಸಲ ಆರಿತ್ತೋ ಯಾರು ಬಲ್ಲರು. ಒರೆಸಿ ಗೂಡಿನಲ್ಲಿಟ್ಟು, ಮುಚ್ಚಳ ಹಾಕಿ ಕಣ್ಣಿಟ್ಟೆ. ಕತ್ತಲು.

"ಒಂದು ಸೀರೆ," ಅಂದರು ಅವರು. "ಒಂದೇ ಒಂದು ಇಡೀ ಸೀರೆ ನೇಯ್ಬೇಕು ಅಂತಿತ್ತು. ನಿನ್ನ ಕೇಳಿದ್ರೆ ಬೇಡ ಅಂತಿದ್ದೆ."

"ಅಂತಿದ್ದೆ. ನಾನು ಕೊಟ್ಟ ಬಿಲ್ಲೆ ನೋಡ್ಕೊಂಡು ಊರು ಒಲೆ ಹಚ್ಚುತ್ತೆ. ನನ್ನ ಮನೇಲೇ ಹೀಗಾದ್ರೆ ನಾನು ಯಾವ ಮುಖ ಇಟ್ಕೊಂಡು ಕುಲುಮೆಮನೆಗೆ ಹೋಗಲಿ?"

ಅವರು ಬೆರಳಲ್ಲಿ ನೂಲು ಮೀಟುತ್ತ ಕೂತರು. ಆಮೇಲೆ ಹೇಳಿದರು, "ಇನ್ನೊಂದಿದೆ. ಪಕ್ಕದ ಮನೇಲಿ. ಮೊದಲು ಮಾಡಿದ್ದು ಅವರಿಗೇ."

ಪಕ್ಕದ ಮನೆಯಲ್ಲಿದ್ದದ್ದು ಪುಟ್ಟತಾಯಮ್ಮ, ಅವರ ಮಗ ನಂಜುಂಡ, ಸೊಸೆ. ಪುಟ್ಟತಾಯಮ್ಮನ ಸೊಂಟದ ಮೂಳೆ ಮುರಿದಿತ್ತು, ಎದ್ದು ಕೂರಲೂ ಆಗುತ್ತಿರಲಿಲ್ಲ. ನಮ್ಮೂರ ಬೀದಿಗಳೆಲ್ಲ ಕಲ್ಲಿನ ಮೆಟ್ಟಿಲು. ಮನೆ ಬೆಳಗಿದಾಗಲೆಲ್ಲ ನಂಜುಂಡ ತಾಯಿಯನ್ನು ಗಾಡಿಯಲ್ಲಿ ಮಲಗಿಸಿ ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಳಿಸುತ್ತಿದ್ದ, ಆಕೆಯ ಕೂಗು ಸ್ನಾನದ ಮನೆಯವರೆಗೂ ಕೇಳುತ್ತಿತ್ತು. ಕೇಳಿದವರು ತಲೆ ತಗ್ಗಿಸಿಕೊಂಡು ಮೈಗೆ ನೀರು ಹುಯ್ದುಕೊಳ್ಳುತ್ತಿದ್ದರು. ನಾನೂ ಹಾಗೇ ಮಾಡಿದ್ದೆ.

ಅವತ್ತೇ ಸಂಜೆ ಕುಲುಮೆಮನೆಯಿಂದ ಹೊಸದೊಂದು ಬಿಲ್ಲೆ ತಂದು ಪಕ್ಕದ ಮನೆಗೆ ಹೋದೆ. ನಂಜುಂಡ ಇರಲಿಲ್ಲ. ಪುಟ್ಟತಾಯಮ್ಮ ಮಂಚದಲ್ಲಿ ಮಲಗಿ ಸೂರು ನೋಡುತ್ತಿದ್ದರು. ಗೂಡಿನಲ್ಲಿದ್ದದ್ದನ್ನು ತೆಗೆದು ನನ್ನದನ್ನು ಇಟ್ಟು, ಮುಚ್ಚಳ ಹಾಕುವುದರೊಳಗೇ ಬೆರಳ ಸಂದಿಯಲ್ಲಿ ನೀಲಿ ಕಂಡಿತು. ನನ್ನ ಜೀವಮಾನದಲ್ಲಿ ಅಷ್ಟು ಜೋರಾಗಿ ಬೆಳಗಿದ ಬಿಲ್ಲೆಯನ್ನು ನಾನು ನೋಡಿರಲಿಲ್ಲ.

ಬಾಗಿಲಿಗೆ ಓಡಿ ಕೂಗುವುದು ನನಗೆ ಹುಟ್ಟಿನಿಂದ ಬಂದ ಅಭ್ಯಾಸ. ಕಾಲು ಆಗಲೇ ಹೊಸ್ತಿಲ ಕಡೆ ತಿರುಗಿತ್ತು.

"ಬೆಳಗ್ತಾ?" ಪುಟ್ಟತಾಯಮ್ಮ ಕೇಳಿದರು.

"ಹೂಂ ಅಮ್ಮ. ನಂಜುಂಡನ್ನ ಕರೀತೀನಿ. ಮೆತ್ತಗೆ ಇಳಿಸೋಣ, ಹಾಸಿಗೆ ಎರಡು ಹಾಕಿ."

"ಅದನ್ನ ಇಲ್ಲಿ ತಾ. ನನಗೆ ಕಾಣೋ ಹಾಗೆ ಇಡು."

ತಂದು ಅವರ ತಲೆದಿಂಬಿನ ಪಕ್ಕದ ಮರೆಯಲ್ಲಿಟ್ಟೆ. ಸಂಜೆಯ ಮಬ್ಬಿನಲ್ಲಿ ಅವರ ಕೆನ್ನೆಯ ಒಂದು ಭಾಗ ನೀಲಿಯಾಯಿತು. "ಇದನ್ನ ಮಾಡೋಳು ನೀನು. ಯಾಕೆ ಬೆಳಗುತ್ತೆ, ಹೇಳು."

ನನಗೆ ಗೊತ್ತಿದ್ದಷ್ಟು ಹೇಳಿದೆ. ಮೂರು ಬಳೆ ನೆಟ್ಟಗೆ ಸಾಲಾಗಿ ನಿಂತಿರುತ್ತವೆ, ಅಮ್ಮ. ಹಾಯೋದು ಅವುಗಳ ಮೂಲಕ ಹಾಯುತ್ತೆ. ಹಾಯುವಾಗ ಅದರ ಕಸುವು ಸ್ವಲ್ಪ ಬಳೆಗಳಿಗೆ ತಗಲುತ್ತೆ. ಅವಕ್ಕೆ ಅದನ್ನ ಇಟ್ಟುಕೊಳ್ಳೋಕೆ ಆಗಲ್ಲ. ಬೆಳಕು ಮಾಡಿ ಹೊರಗೆ ಬಿಟ್ಟುಬಿಡುತ್ತವೆ.

"ಆಮೇಲೆ?"

"ಆಮೇಲೆ ಮುಂಚೆ ಇದ್ದ ಹಾಗೇ ಇರುತ್ತವೆ."

ಪುಟ್ಟತಾಯಮ್ಮ ಬಿಲ್ಲೆಯ ಕಡೆಗೆ ಮುಖ ಹೊರಳಿಸಿದರು. "ನಾನು ಹೋಗಲ್ಲ ಕಣೆ. ನಿನ್ನ ಗಂಡ ಮಂಕು ಬಿಲ್ಲೆ ಇಟ್ಟಿದ್ದು ನನಗೆ ಗೊತ್ತಿತ್ತು. ಗೊತ್ತಿದ್ದೂ ದಿನಾ ಹೆದರಿಕೊಂಡೇ ಮಲಗಿದ್ದೆ, ಈಗ ಹಾಯ್ತಾ ಇದೆಯೋ ಏನೋ ಅಂತ. ಈಗ ಕಾಣ್ತಾ ಇದೆಯಲ್ಲ, ನೋಡ್ತಾ ಮಲಗ್ತೀನಿ. ಹುಡುಗರನ್ನ ಕಳಿಸಿಬಿಡು. ನನ್ನ ಗಾಡಿಗೆ ಮಾತ್ರ ಹಾಕಬೇಡಿ."

ನಾನು ಬಾಗಿಲಿಗೆ ಹೋಗಿ ಕೂಗಿದೆ. ನಂಜುಂಡ ಓಡಿ ಬಂದ, ಬೇಡಿಕೊಂಡ, ಬೈದ, ಅತ್ತ. ತಾಯಿ ಮುಖ ಗೋಡೆಗೆ ತಿರುಗಿಸಿಕೊಂಡರು. ಸೊಸೆ ತುಂಬಿದ ಬಸುರಿ, ಅವಳನ್ನು ನಿಲ್ಲಿಸಿಕೊಳ್ಳುವ ಹಾಗಿರಲಿಲ್ಲ. ಕೊನೆಗೆ ಅವರಿಬ್ಬರೂ ಎದುರುಸಾಲಿನ ಖಾಲಿ ಮನೆಗೆ ಹೋದರು. ಬೀದಿಯ ತುಂಬ ಜನ ನಿಂತಿದ್ದರು, ಒಬ್ಬರೂ ಹೊಸ್ತಿಲ ಹತ್ತಿರ ಬರಲಿಲ್ಲ. ಒಳಗಿನಿಂದ ಪುಟ್ಟತಾಯಮ್ಮ ನೀರು ಕೇಳಿದರು. ನಂಜುಂಡ ಚೊಂಬು ಹಿಡಿದು ಹೊಸ್ತಿಲವರೆಗೆ ಹೋದ, ಕಾಲು ಎತ್ತಿದ, ಮತ್ತೆ ಕೆಳಗಿಟ್ಟ. ಅವನನ್ನು ನಾನು ಹಳಿಯಲಾರೆ. ನಾನೂ ಅಷ್ಟು ಹೊತ್ತಿಗೆ ಬೀದಿಯಲ್ಲೇ ನಿಂತಿದ್ದೆ.

ಆಗ ನಮ್ಮವರು ಬಂದರು. ನಂಜುಂಡನ ಕೈಯಿಂದ ಚೊಂಬು ತೆಗೆದುಕೊಂಡು, ಪಕ್ಕದ ಕೋಣೆಗೆ ಹೋದಷ್ಟು ಸಲೀಸಾಗಿ ಒಳಗೆ ಹೋದರು. ಒಳಗಿಂದ ಮುದುಕಿ ಏನೋ ಹೇಳಿದ್ದು, ಅವರು "ಆಯ್ತಮ್ಮ" ಅಂದದ್ದು ಕೇಳಿಸಿತು. ಬೀದಿಯಲ್ಲಿದ್ದವರು ನನ್ನತ್ತ ನೋಡಿದರು. ಬೆಳಗಿದ ಮನೆ ಹೊಕ್ಕವರ ಹೆಂಡತಿ ಇನ್ನೇನು ಮಾಡುತ್ತಾಳೆ ಎಂದು ನೋಡುತ್ತಿದ್ದರು. ನಮ್ಮವರು ಹೊರಗೆ ಬಂದು ನಮ್ಮ ಮನೆಗೆ ನಡೆದಾಗ ಜನ ಎರಡು ಬದಿಗೆ ಸರಿದು ದಾರಿ ಬಿಟ್ಟರು.

ಮಾರನೆಯ ಬೆಳಿಗ್ಗೆ ನಾಗಲಿಂಗಪ್ಪನವರಿಗೆ ಎಲ್ಲವನ್ನೂ ಹೇಳಿದೆ. ಅವರು ಕೂಗಾಡಲಿಲ್ಲ. ಕೊಳವೆಯ ಕೆಳಗಿನ ಉರಿಯನ್ನು ಸಣ್ಣದು ಮಾಡಿ, ಕೈ ಒರೆಸಿಕೊಂಡು, "ಎರಡೇ ಇರೋದು ಅಂತ ಹೆಂಗೆ ಹೇಳ್ತೀಯ?" ಅಂದರು.

"ಅವರು ಮಾಡಿದ್ದು ಎರಡೇ."

"ನಿನ್ನ ಗಂಡ ಒಬ್ಬನೇ ಏನು ಸುಸ್ತಾಗಿರೋನು? ಗಾಡಿಗಳು ಕಡಿಮೆಯಾಗಿರೋದನ್ನ ನಾನು ಒಂದು ವರ್ಷದಿಂದ ನೋಡ್ತಾ ಇದೀನಿ. ಕೆಟಲ್ ತಗೋ."

ಕುದಿಯುವ ನೀರಿನ ಕೆಟಲ್ಲು, ಒಂದು ಬೋಗುಣಿ ಹಿಡಿದು ನಾವಿಬ್ಬರೂ ಮನೆ ಮನೆಗೆ ಹೋದೆವು. ಗೂಡಿನಿಂದ ಬಿಲ್ಲೆ ತೆಗೆದು ಬೋಗುಣಿಯಲ್ಲಿಟ್ಟು ನೀರು ಹುಯ್ಯುವುದು. ಉಳಿದರೆ ಒರೆಸಿ ವಾಪಸು ಇಡುವುದು. ಮೊದಲ ಕೆಲವು ಮನೆಗಳಲ್ಲಿ ಎಲ್ಲ ಸರಿಯಿತ್ತು. ಆಮೇಲೆ ಒಂದು ಮನೆಯಲ್ಲಿ ಬಿಲ್ಲೆಗೆ ಎರಡೂ ಕಡೆ ಮಸಿ ಬಳಿದಿದ್ದರು, ನೀರು ಕಪ್ಪಾಯಿತು. ಇನ್ನೊಂದರಲ್ಲಿ ಬರೀ ಮೇಣದ ತುಂಡು. ಶಾಲೆಯ ಮೇಷ್ಟರ ಮನೆಯಲ್ಲಿ ಗೂಡಿನ ತೂತಿಗೇ ಒಳಗಿನಿಂದ ಕಾಗದ ಅಂಟಿಸಿತ್ತು. ಮೇಷ್ಟರ ಹೆಂಡತಿ ಸೆರಗಿನ ತುದಿ ತಿರುಚುತ್ತ, "ಅಂಗಳದಲ್ಲಿ ನಿಂಬೆ ಗಿಡ ಹಾಕಿದ್ವಿ. ಈ ಸಲ ಹೂ ಬಿಟ್ಟಿದೆ," ಅಂದರು. ನಾಗಲಿಂಗಪ್ಪನವರು ಗಿಡ ನೋಡಲು ಹೊರಗೆ ಹೋದರು. ನಾನು ಕಾಗದ ಕಿತ್ತೆ. ಸ್ನಾನದ ಮನೆಯ ಯಜಮಾನತಿಯ ಗೂಡು ಖಾಲಿಯೇ ಇತ್ತು. ಯಾರೂ ಸುಳ್ಳು ಹೇಳಲಿಲ್ಲ, ಯಾರೂ ತಪ್ಪಾಯಿತು ಎಂದೂ ಅನ್ನಲಿಲ್ಲ. ನಾವು ಹೊರಡುವಾಗ ಬಾಗಿಲಲ್ಲಿ ನಿಂತು, ಮುಂದೇನು ಎನ್ನುವಂತೆ ನೋಡುತ್ತಿದ್ದರು.

ನಾಗಲಿಂಗಪ್ಪನವರ ನಡಿಗೆ ನಿಧಾನವಾಗುತ್ತ ಬಂತು. ಕೆಟಲ್ಲಿನ ನೀರೂ ಆರಿತ್ತು. ಅವರ ಸ್ವಂತ ಮನೆಯ ಮುಂದೆ ಬಂದಾಗ ಅವರು ಮೆಟ್ಟಿಲ ಮೇಲೆ ಕೂತುಬಿಟ್ಟರು. "ನನ್ನ ಹೆಂಡತಿ ತೀರಿಕೊಂಡಿದ್ದು ಗಾಡಿ ಮೇಲೆ, ಗೊತ್ತಲ್ಲ?" ಅಂದರು. ಗೊತ್ತಿತ್ತು. ನಾನಾಗ ಕೆಲಸಕ್ಕೆ ಹೊಸಬಳು. "ಬಿಲ್ಲೆ ನಿಜ ಹೇಳ್ಬೇಕು, ವಾರಿಜಾ. ಅದರಲ್ಲಿ ಎರಡು ಮಾತಿಲ್ಲ. ಕಣ್ಣು ಕಿತ್ಕೊಂಡು ಕೂತ್ರೆ ಹಾಯೋದು ನಿಲ್ಲಲ್ಲ. ಆದ್ರೆ ಬೆಳಗಿದ ಮೇಲೆ ಏನು ಮಾಡ್ಬೇಕು ಅನ್ನೋದು..." ಎದ್ದು ಒಳಗೆ ಹೋಗಿ ತಮ್ಮ ಬಿಲ್ಲೆಯನ್ನು ತಂದು ಅವರೇ ಬೋಗುಣಿಗೆ ಹಾಕಿದರು. ಅದು ಒಳ್ಳೆಯ ಬಿಲ್ಲೆ. ನೀರು ಆರಿದ್ದರೂ ನನಗೆ ಹರಳಿನ ಗುರುತು ಸಿಕ್ಕಿತು.

ಆ ವಾರ ಸ್ನಾನದ ಮನೆಯಲ್ಲಿ ಊರು ಸೇರಿದಾಗ ನಾಗಲಿಂಗಪ್ಪನವರು ಹೇಳಿದ್ದು ಇಷ್ಟೇ. ಪ್ರತಿ ಗೂಡಿನಲ್ಲೂ ಕುಲುಮೆಮನೆಯ ಬಿಲ್ಲೆಯೇ ಇರಬೇಕು. ಬೆಳಗಿದರೆ ಬೀದಿಗೆ ಕೂಗಿ ಹೇಳಲೇಬೇಕು. ಹೋಗುವುದು, ಇರುವುದು ಅವರವರಿಗೆ ಬಿಟ್ಟದ್ದು. ಕೆಲವರು ಎದ್ದು ಹೋದರು. ಕೆಲವರು, ಬೆಳಗಿದ ಮನೆಯಲ್ಲೇ ಇರುವವರ ಜೊತೆ ನಾವು ನೀರು ಮುಟ್ಟುವುದಿಲ್ಲ ಅಂದರು. ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತರು. ನಿಯಮವಿದ್ದಾಗ ಕಾಲಿಗೆ ಮಾತ್ರ ಕೆಲಸವಿತ್ತು. ಈಗ ತಲೆಗೂ ಬಂತು. ಅವತ್ತಿನಿಂದ ಊರಿಗೆ ಊರೇ ಇನ್ನಷ್ಟು ಚಡಪಡಿಸಿತು ಎಂದರೆ ತಪ್ಪಲ್ಲ.

ಪುಟ್ಟತಾಯಮ್ಮನ ಮನೆ ಬೆಳಗುತ್ತಲೇ ಇತ್ತು. ನಮ್ಮವರು ದಿನಾ ಬೆಳಿಗ್ಗೆ ಹೋಗಿ ಮೈ ಒರೆಸಿ, ಊಟ ಮಾಡಿಸಿ, ಮಗ್ಗುಲು ಬದಲಾಯಿಸಿ ಬರುತ್ತಿದ್ದರು. ನಾನು ಅನ್ನ ಸಾರು ಮಾಡಿ ಕೊಡುತ್ತಿದ್ದೆ, ಹೊಸ್ತಿಲು ದಾಟುತ್ತಿರಲಿಲ್ಲ. ಅವರು ಮನೆಗೆ ಬಂದರೆ ನನಗೇ ಗೊತ್ತಿಲ್ಲದೆ ಅವರ ಮುಖ, ಕೈ, ಉಗುರು ಹುಡುಕುತ್ತಿದ್ದೆ, ಏನಾದರೂ ಬದಲಾಗಿದೆಯೇ ಎಂದು. ಊಟಕ್ಕೆ ಬಡಿಸುವಾಗ ಕೈ ಹಿಂದೆ ಸರಿಯುತ್ತಿತ್ತು. ಅವರು ಅದನ್ನು ಕಂಡರು. ತಟ್ಟೆಯನ್ನು ತಾವೇ ಹತ್ತಿರಕ್ಕೆ ಎಳೆದುಕೊಂಡರು. ಮದುವೆಯಾದಾಗಿನಿಂದ ನನಗೆ ಅಷ್ಟು ನಾಚಿಕೆಯಾದದ್ದು ಇನ್ನೊಮ್ಮೆ ಇಲ್ಲ.

ಒಂದು ದಿನ ಅವರಿಗೆ ಜ್ವರ ಬಂತು. ಬೀದಿಯಲ್ಲಿ ಗುಸುಗುಸು ಎದ್ದಿತು. ನಾನು ಗೋಡೆಗೆ ಒರಗಿ ಅವರ ಕೆಮ್ಮು ಕೇಳುತ್ತ ಕೂತಿದ್ದಾಗ ಪಕ್ಕದ ಮನೆಯಿಂದ ಪುಟ್ಟತಾಯಮ್ಮ ಕರೆದರು. ಮಧ್ಯಾಹ್ನದ ಹೊತ್ತು, ಬೀದಿಯಲ್ಲಿ ನಂಜುಂಡ ಒಬ್ಬನೇ ನಿಂತಿದ್ದ. ಅವನು ನನ್ನತ್ತ ನೋಡಿದ, ನಾನು ಅವನತ್ತ ನೋಡಿದೆ. ಇಬ್ಬರೂ ಒಟ್ಟಿಗೇ ಒಳಗೆ ಹೋದೆವು. ಆ ಮನೆಯಲ್ಲಿ ಅಂಥದ್ದೇನೂ ಇರಲಿಲ್ಲ. ಮಂಚ, ಚೊಂಬು, ಬಿಲ್ಲೆಯ ನೀಲಿ. ನನ್ನ ಕೈಯ ಕೂದಲು ನೆಟ್ಟಗಾಗಿತ್ತು, ಅದು ಭಯಕ್ಕೋ ಬೇರೆಯದಕ್ಕೋ ಹೇಳಲಾರೆ. ಪುಟ್ಟತಾಯಮ್ಮ ಮಗನ ಕೈ ಹಿಡಿದುಕೊಂಡು, "ಬೆನ್ನು ಕೆರೀತಾ ಇದೆ, ಸ್ವಲ್ಪ ನೋಡೋ," ಅಂದರು. ಅವನು ಅಳುತ್ತ ತಾಯಿಯ ಬೆನ್ನು ಕೆರೆದ.

ನಮ್ಮವರ ಜ್ವರ ಇಳಿಯಿತು. ಊರಲ್ಲಿ ಆಗ ಇನ್ನೂ ನಾಲ್ಕಾರು ಜನಕ್ಕೆ ಅದೇ ಜ್ವರವಿತ್ತು, ಅವರಲ್ಲಿ ಬೆಳಗಿದ ಮನೆಯ ಹತ್ತಿರ ಸುಳಿಯದವರೂ ಇದ್ದರು. ಅದರಿಂದಲೂ ಯಾರಿಗೂ ಏನನ್ನೂ ತೀರ್ಮಾನಿಸಲಾಗಲಿಲ್ಲ. ಕೆಲವು ದಿನಗಳ ಮೇಲೆ ಪುಟ್ಟತಾಯಮ್ಮನ ಬಿಲ್ಲೆ ತಾನಾಗಿ ಆರಿತು. ನಂಜುಂಡ ಹೆಂಡತಿ ಮತ್ತು ಹಸುಗೂಸನ್ನು ಕರೆದುಕೊಂಡು ವಾಪಸು ಬಂದ. ಮೊಮ್ಮಗಳನ್ನು ಪಕ್ಕದಲ್ಲಿ ಮಲಗಿಸಿಕೊಂಡ ಪುಟ್ಟತಾಯಮ್ಮ ಮೊದಲಿನ ಹಾಗೇ ಇದ್ದರು, ಸಾರಿಗೆ ಉಪ್ಪು ಕಡಿಮೆ ಎಂದು ಗೊಣಗುವುದೂ ಸೇರಿ. ಆ ಮಂಚದಲ್ಲೇ ಇನ್ನೆರಡು ಚಳಿಗಾಲ ಕಳೆದರು. ಹೋದದ್ದು ವಯಸ್ಸಿಗೆ ಎಂದು ನಂಜುಂಡ ಹೇಳುತ್ತಾನೆ. ಅಲ್ಲ ಅನ್ನುವವರೂ ಇದ್ದಾರೆ.

ನಮ್ಮ ಮನೆ ಬೆಳಗಿದ್ದು ಪುಟ್ಟತಾಯಮ್ಮನ ಬಿಲ್ಲೆ ಆರಿದ ಸ್ವಲ್ಪ ದಿನಕ್ಕೆ. ಬೆಳಿಗ್ಗೆ ಎದ್ದು ತೂತಿಗೆ ಕಣ್ಣಿಟ್ಟೆ. ನಾನು ಬೆಳೆಸಿದ ಹರಳು, ನಾನು ಉಜ್ಜಿದ ಅಂಚು, ಒಂದು ಕಡೆಯಿಂದ ಇನ್ನೊಂದು ಕಡೆಗೆ ತಿಳಿನೀಲಿ. ಎಷ್ಟು ಹೊತ್ತು ನೋಡಿದೆನೋ. ಹಿಂತಿರುಗಿದರೆ ಅವರು ಕುಣಿಯಲ್ಲಿ ಕೂತು ನನ್ನ ಮುಖವನ್ನೇ ನೋಡುತ್ತಿದ್ದರು.

"ಬೆಳಗಿದೆಯಾ?"

ತಲೆಯಾಡಿಸಿದೆ.

ಅವರು ಮಗ್ಗದ ಮೇಲೆ ಹರಡಿದ್ದ ಸೀರೆಯ ಮೇಲೆ ಒಮ್ಮೆ ಕೈಯಾಡಿಸಿದರು. ಒಡಲು ಮುಗಿದಿತ್ತು, ಸೆರಗು ಇನ್ನೂ ಬಾಕಿಯಿತ್ತು. ಆಮೇಲೆ ಪಕ್ಕದಲ್ಲಿದ್ದ ಕತ್ತರಿ ತೆಗೆದುಕೊಂಡರು. "ನಿನಗೆ ಹೇಳದೆ ಒಂದು ಸಲ ಮಾಡಿದೀನಿ," ಅಂದರು. "ಈ ಸಲ ನೀನು ಹೇಳಿದ ಹಾಗೆ. ಗಾಡಿ ಕಟ್ಟು ಅಂದ್ರೆ ಕಟ್ಟೋಣ."

ಕತ್ತರಿ ನೂಲಿನ ಮೇಲಿತ್ತು. ಕಾಲುಗಳು ಹಳೆಯ ಅಭ್ಯಾಸದಂತೆ ಬಾಗಿಲ ಕಡೆ ಎಳೆಯುತ್ತಿದ್ದವು. ಅವು ಎಳೆದತ್ತ ಹೋದೆ. ಬಾಗಿಲು ತೆರೆದು ಹೊಸ್ತಿಲಲ್ಲಿ ನಿಂತು, "ನಮ್ಮನೆ ಬೆಳಗಿದೆ," ಎಂದು ಕೂಗಿದೆ. ಎದುರು ಮನೆಯ ಕಿಟಕಿ ತೆರೆಯಿತು. ಸ್ನಾನದ ಮನೆಗೆ ಹೊರಟಿದ್ದ ಇಬ್ಬರು ನಿಂತು, ಗಾಡಿ ಹೊರಗೆ ಬರುವುದನ್ನು ಕಾದರು. ಗಾಡಿ ಗೋಡೆಗೆ ಒರಗಿಕೊಂಡು ನಿಂತೇ ಇತ್ತು. ಇನ್ನೊಂದು ಸಲ ಕೂಗಿದೆ, ಕೇಳಿಸದವರಿಗೂ ಕೇಳಲಿ ಎಂದು. ಆಮೇಲೆ ಒಳಗೆ ಬಂದು ಬಾಗಿಲು ಮುಂದೆ ಮಾಡಿದೆ.

"ಅದನ್ನ ಕೆಳಗಿಡಿ ರೀ," ಅಂದೆ. "ಸೆರಗು ಮುಗಿಸಿ."

ರಾಟೆಯ ಮುಂದೆ ಕೂತು ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತತೊಡಗಿದೆ. ಅವರು ಕತ್ತರಿ ಕೆಳಗಿಟ್ಟು ಲಾಳಿ ಕೈಗೆ ತೆಗೆದುಕೊಂಡರು. ಸುತ್ತಿದ ಹಾಗೆಲ್ಲ ನೂಲು ಕಡಿಯುತ್ತಿತ್ತು.

"ಗಂಟು ಹಾಕು," ಅಂದರು ಅವರು.

ಗಂಟು ಹಾಕಿದೆ.